ಕಾಡುಪ್ರಾಣಿಗೆ ವಾಹನ ತಗುಲಿದಾಗ ಮಾಡಬೇಕಾದುದೇನು?

ಕಾಡಂಚಿನ ಬೇಸಾಯಗಾರರಿಗೆ ಕಾಡುಪ್ರಾಣಿ ಹೊಸದಲ್ಲ. ಜೋಳಕ್ಕೆ ಬೀಳುವ ಹಂದಿ, ಬಾಳೆತೋಟ ತುಳಿಯುವ ಆನೆ, ಕೊಟ್ಟಿಗೆಯಿಂದ ಕರು ಎಳೆಯುವ ಚಿರತೆ ಇವುಗಳ ಕಾಟ ಎಲ್ಲರಿಗೂ ಗೊತ್ತಿದ್ದದ್ದೇ. ಇವುಗಳನ್ನು ಹೊಲದಿಂದ ದೂರವಿಡುವ ಉಪಾಯಗಳನ್ನು ರೈತರು ತಲೆತಲಾಂತರದಿಂದ ಬಲ್ಲರು. ಆದರೆ ಅದೇ ಪ್ರಾಣಿ ರಾತ್ರಿ ರಸ್ತೆಯಲ್ಲಿ ನಮ್ಮ ವಾಹನಕ್ಕೆ ಅಡ್ಡ ಬಂದು ಡಿಕ್ಕಿಯಾದರೆ ಆ ಕ್ಷಣದಲ್ಲಿ ಏನು ಮಾಡಬೇಕೆಂಬುದು ಬಹುಮಂದಿಗೆ ತಿಳಿದಿರುವುದಿಲ್ಲ. ಗಾಬರಿಯಲ್ಲಿ ಇಳಿದು ಹತ್ತಿರ ಹೋಗುವವರೂ ಇದ್ದಾರೆ, ಕೇಸಿಗೆ ಹೆದರಿ ಓಡಿಸಿಕೊಂಡು ಹೋಗುವವರೂ ಇದ್ದಾರೆ, ಸತ್ತದ್ದನ್ನು ಟ್ರಾಲಿಗೆ ಹಾಕಿಕೊಂಡು ಊರಿಗೆ ತರುವವರೂ ಇದ್ದಾರೆ. ಈ ಮೂರೂ ಅಪಾಯದ ದಾರಿಗಳೇ.

ಹಿಂದೆ ಊರಿಗೊಂದು ಜೀಪು ಇದ್ದರೆ ಹೆಚ್ಚು. ಈಗ ಬಹುತೇಕ ಮನೆಗಳಲ್ಲಿ ದ್ವಿಚಕ್ರ ವಾಹನವಾದರೂ ಇದೆ. ಟ್ರ್ಯಾಕ್ಟರು, ಸಣ್ಣ ಗೂಡ್ಸ್ ಗಾಡಿಗಳೂ ಸಾಕಷ್ಟಿವೆ. ರೈತನ ಓಡಾಟದ ಹೊತ್ತು ಬೇರೆ ಪ್ರಾಣಿಗಳ ಓಡಾಟದ ಹೊತ್ತೇ ಆಗಿದೆ. ಟೊಮೇಟೊ ಕ್ರೇಟುಗಳನ್ನು ಮಾರುಕಟ್ಟೆಗೆ ಸಾಗಿಸುವುದು ನಡುರಾತ್ರಿ ಕಳೆದ ಮೇಲೆ, ಡೈರಿಗೆ ಹಾಲು ಒಯ್ಯುವುದು ನಸುಕಿನಲ್ಲಿ, ಕಬ್ಬಿನ ಲೋಡು ಕಾರ್ಖಾನೆಗೆ ಹೊರಡುವುದು ಸಂಜೆಗತ್ತಲಲ್ಲಿ, ಪಂಪ್‌ಸೆಟ್ಟಿಗೆ ವಿದ್ಯುತ್ ಬರುವುದು ಅನೇಕ ಕಡೆ ರಾತ್ರಿಯೇ. ಜಿಂಕೆ, ಕಡವೆ, ಹಂದಿ, ಚಿರತೆಗಳು ಮೇವಿಗೆ, ನೀರಿಗೆ, ಬೇಟೆಗೆ ಹೊರಡುವುದೂ ಇದೇ ಸಮಯದಲ್ಲಿ. ಗುಂಡ್ಲುಪೇಟೆ, ಹೆಗ್ಗಡದೇವನಕೋಟೆ, ಸಕಲೇಶಪುರ, ಕೊಡಗು, ದಾಂಡೇಲಿಯ ಕಾಡುರಸ್ತೆಗಳಲ್ಲಿ ಮಾತ್ರವೇ ಹೀಗಾಗುತ್ತದೆಂದು ತಿಳಿಯಬೇಡಿ. ಮಂಡ್ಯದ ಕಬ್ಬಿನ ಗದ್ದೆಗಳ ನಡುವೆ ಚಿರತೆ ಮರಿ ಹಾಕುತ್ತದೆ. ರಾಣೆಬೆನ್ನೂರಿನ ಬಯಲಿನಲ್ಲಿಯೂ ಮಧುಗಿರಿ ತಾಲ್ಲೂಕಿನಲ್ಲಿಯೂ ಕೃಷ್ಣಮೃಗಗಳಿವೆ. ನವಿಲು ಇಲ್ಲದ ತಾಲ್ಲೂಕು ಹುಡುಕುವುದೇ ಕಷ್ಟ.

ಮೊದಲ ಐದು ನಿಮಿಷ

ಡಿಕ್ಕಿಯಾದ ಕೂಡಲೇ ಸ್ಟಿಯರಿಂಗ್ ಗಟ್ಟಿಯಾಗಿ ಹಿಡಿದು, ನಿಧಾನವಾಗಿ ಬ್ರೇಕು ಒತ್ತಿ, ರಸ್ತೆಯ ಎಡ ಅಂಚಿಗೆ ವಾಹನ ನಿಲ್ಲಿಸಬೇಕು. ಪ್ರಾಣಿಯ ಪಕ್ಕದಲ್ಲೇ ನಿಲ್ಲಿಸಬಾರದು. ಸ್ವಲ್ಪ ಮುಂದೆ ಸಾಗಿ ನಿಲ್ಲಿಸುವುದು ಕ್ಷೇಮ. ನಾಲ್ಕು ದಿಕ್ಕಿನ ಇಂಡಿಕೇಟರುಗಳನ್ನೂ ಹಾಕಿ. ಬಾಗಿಲು ತೆಗೆಯುವ ಮುನ್ನ ಕನ್ನಡಿಯಲ್ಲಿಯೂ ಕಿಟಕಿಯಿಂದಲೂ ಚೆನ್ನಾಗಿ ನೋಡಿ. ಜಿಂಕೆಯಾಗಲಿ ಹಂದಿಯಾಗಲಿ ಒಂಟಿಯಾಗಿ ದಾಟುವುದು ಕಡಿಮೆ. ಒಂದು ದಾಟಿದರೆ ಅದರ ಹಿಂದೆ ಇನ್ನೂ ನಾಲ್ಕು ಬರುತ್ತವೆ. ಮರಿಗಳ ಸಾಲಿನ ಮುಂದೆಯೋ ಹಿಂದೆಯೋ ತಾಯಿಹಂದಿ ಇದ್ದೇ ಇರುತ್ತದೆ, ಮರಿಗೆ ಪೆಟ್ಟಾದರೆ ಅದು ಮನುಷ್ಯನನ್ನು ನೋಡಿ ಹಿಂಜರಿಯುವುದಿಲ್ಲ.

ಮೊದಲು ನೋಡಬೇಕಾದ್ದು ಮನುಷ್ಯರನ್ನು. ಟ್ರಾಲಿಯ ಮೇಲೆ ಕೂತಿದ್ದವರು ಕೆಳಗೆ ಬಿದ್ದಿದ್ದಾರೆಯೇ, ಬೈಕಿನ ಹಿಂದಿನ ಸೀಟಿನವರ ತಲೆಗೆ ಪೆಟ್ಟಾಗಿದೆಯೇ ಎಂದು ನೋಡಿ. ಇಂಥ ಅಪಘಾತಗಳಲ್ಲಿ ಜೀವಕ್ಕೆ ಹೆಚ್ಚು ಕುತ್ತು ಇರುವುದು ದ್ವಿಚಕ್ರ ವಾಹನದವರಿಗೆ. ಹಂದಿಗೆ ಗುದ್ದಿದ ಬೈಕು ನೆಲಕ್ಕೆ ಬೀಳುವಾಗ ಸವಾರ ತಲೆ ಮುಂದಾಗಿ ಬೀಳುತ್ತಾನೆ. ಪ್ರಜ್ಞೆ ಇಲ್ಲದವರ ಕತ್ತನ್ನು ತಿರುಚಬಾರದು, ಎಬ್ಬಿಸಿ ಕೂರಿಸಬಾರದು, ಬಾಯಿಗೆ ನೀರು ಹಾಕಬಾರದು. ರಕ್ತ ಹರಿಯುತ್ತಿದ್ದರೆ ಶುಭ್ರವಾದ ಟವೆಲನ್ನು ಮಡಿಸಿ ಗಾಯದ ಮೇಲೆ ಒತ್ತಿ ಹಿಡಿದು 108ಕ್ಕೆ ಕರೆ ಮಾಡಿ. “ನನಗೇನೂ ಆಗಿಲ್ಲ” ಎಂದು ಎದ್ದು ನಿಂತವರಿಗೂ ಹ್ಯಾಂಡಲ್ ತಗುಲಿ ಹೊಟ್ಟೆಯೊಳಗೆ ಪೆಟ್ಟಾಗಿರಬಹುದು. ಹೊಟ್ಟೆನೋವು, ವಾಂತಿ, ತಲೆಸುತ್ತು ಕಂಡರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಪ್ರಾಣಿಯ ಹತ್ತಿರ ಹೋಗಬೇಡಿ

ಬಿದ್ದ ಪ್ರಾಣಿ ಸತ್ತಿದೆಯೆಂದು ನೀವೇ ತೀರ್ಮಾನಿಸಬೇಡಿ. ತಲೆಗೆ ಪೆಟ್ಟಾದ ಚಿರತೆ ಉಸಿರೇ ಇಲ್ಲವೆಂಬಂತೆ ಬಿದ್ದಿದ್ದು ಕೆಲ ಹೊತ್ತಿನ ಮೇಲೆ ಥಟ್ಟನೆ ಏಳಬಹುದು. ಆಗ ಅದು ಕಾಡಿನತ್ತ ಓಡುವುದಕ್ಕೆ ಮೊದಲು ಎದುರಿಗೆ ಸಿಕ್ಕವರ ಮೇಲೆ ಬೀಳುತ್ತದೆ. ಮೊಬೈಲಿನಲ್ಲಿ ಚಿತ್ರ ತೆಗೆಯಲು ಸುತ್ತ ಸೇರುವ ಜನವೇ ಇಲ್ಲಿ ದೊಡ್ಡ ಸಮಸ್ಯೆ. ಗುಂಪು ಚದುರಿಸುವುದೂ ನಿಮ್ಮ ಕೆಲಸವೆಂದೇ ತಿಳಿಯಿರಿ. ಪ್ರಾಣಿಗೆ ಓಡಿಹೋಗಲು ಒಂದು ಕಡೆಯಾದರೂ ದಾರಿ ಬಿಟ್ಟಿರಬೇಕು.

ಆನೆಗೆ ವಾಹನ ತಗುಲಿದ್ದರೆ ಅಲ್ಲಿ ನಿಲ್ಲುವ ಮಾತೇ ಇಲ್ಲ. ಹಾರನ್ ಮಾಡದೆ, ದೀಪ ಮಿಣುಕಿಸದೆ, ಸಾಧ್ಯವಾದಷ್ಟು ದೂರ ಸಾಗಿ ಅಲ್ಲಿಂದ ಕರೆ ಮಾಡಬೇಕು. ಕಾಟಿಯ ವಿಷಯದಲ್ಲಿಯೂ ಹಾಗೆಯೇ. ಜಿಂಕೆ ಮತ್ತು ಕಡವೆಗಳು ಸಾಧುವೆಂದು ಭಾವಿಸಿ ಹಿಡಿದೆತ್ತುವವರಿದ್ದಾರೆ. ಗಂಡಿನ ಕೊಂಬು ಹೊಟ್ಟೆ ಸೀಳುವಷ್ಟು ಚೂಪು, ಹಿಂಗಾಲಿನ ಒದೆತ ಮೂಳೆ ಮುರಿಯುವಷ್ಟು ಬಿರುಸು. ಅದಕ್ಕಿಂತಲೂ ತಿಳಿಯಬೇಕಾದ ಸಂಗತಿಯೊಂದಿದೆ. ಜಿಂಕೆಯ ಜಾತಿಯ ಪ್ರಾಣಿಗಳನ್ನು ಜನ ಸುತ್ತುಗಟ್ಟಿ ಹಿಡಿದು, ಕಾಲು ಕಟ್ಟಿ, ಗದ್ದಲ ಮಾಡಿದರೆ ಆ ಹೆದರಿಕೆಗೇ ಅವುಗಳ ಮೈಯ ಸ್ನಾಯುಗಳು ಕೆಟ್ಟು, ಪೆಟ್ಟು ಸಣ್ಣದಾಗಿದ್ದರೂ ಕೆಲವು ಗಂಟೆಗಳಲ್ಲಿಯೋ ದಿನಗಳಲ್ಲಿಯೋ ಸಾಯುತ್ತವೆ. ಪಶುವೈದ್ಯರಿಗೆ ಇದು ಚೆನ್ನಾಗಿ ಗೊತ್ತಿರುವ ವಿಷಯ. ಆದ್ದರಿಂದ ಎತ್ತಿಕೊಂಡು ಮನೆಗೆ ತಂದು ಹಾಲು ಕುಡಿಸುವುದು ಉಪಕಾರವಲ್ಲ. ನರಳುತ್ತಿದೆಯೆಂದು ಬೆಳೆ ರಕ್ಷಣೆಗಾಗಿ ಪರವಾನಗಿ ಪಡೆದ ಬಂದೂಕಿನಿಂದ ಹೊಡೆದು ಮುಗಿಸುವುದಂತೂ ಕೂಡದು. ವಾಸಿಯಾಗದ ಪ್ರಾಣಿಯನ್ನು ಕೊಲ್ಲಿಸುವ ಅಧಿಕಾರ ಕಾಯಿದೆಯ ಪ್ರಕಾರ ಇಲಾಖೆಯ ಹಿರಿಯ ಅಧಿಕಾರಿಗಳದು.

ಮೊಲ, ಪುನುಗು ಬೆಕ್ಕು, ನವಿಲು ಮುಂತಾದ ಸಣ್ಣ ಪ್ರಾಣಿಪಕ್ಷಿಗಳು ಗಾಯಗೊಂಡು ನಡುರಸ್ತೆಯಲ್ಲಿ ಬಿದ್ದಿದ್ದರೆ, ಇಲಾಖೆಯವರಿಗೆ ಫೋನಿನಲ್ಲಿ ತಿಳಿಸಿ ಅವರು ಹೇಳಿದಂತೆ ಮಾಡಿ. ಅಂಚಿಗೆ ಸರಿಸಲು ಅವರು ಹೇಳಿದರೆ ದಪ್ಪ ಗೋಣಿಚೀಲ ಹೊದಿಸಿ ಸರಿಸಬಹುದು. ಕಣ್ಣಿಗೆ ಕತ್ತಲೆಯಾದರೆ ಪ್ರಾಣಿ ಸುಮ್ಮನಾಗುತ್ತದೆ. ಹಾವಿನ ಗೊಡವೆ ಮಾತ್ರ ಬೇಡ. ಸೊಂಟ ಮುರಿದ ಕೊಳಕುಮಂಡಲವೂ ಕಚ್ಚುತ್ತದೆ.

ಸತ್ತ ದೊಡ್ಡ ಪ್ರಾಣಿಯನ್ನು ಇದ್ದಲ್ಲೇ ಬಿಡಬೇಕು. ಆದರೆ ಹಿಂದೆ ಬರುವ ವಾಹನಗಳಿಗೆ ಎಚ್ಚರಿಕೆ ಕೊಡದೆ ಹೋಗಬಾರದು. ಹಿಂದೆ ಮುಂದೆ ಸುಮಾರು ಐವತ್ತು ಮೀಟರಿನಾಚೆ ಕೆಂಪು ತ್ರಿಕೋನ ಇಡಿ, ಅದಿಲ್ಲದಿದ್ದರೆ ನಮ್ಮ ರಸ್ತೆಗಳಲ್ಲಿ ರೂಢಿಯಿರುವಂತೆ ಸೊಪ್ಪಿನ ಕೊಂಬೆಗಳನ್ನಾದರೂ ಇಡಿ. ರಸ್ತೆಯಲ್ಲಿ ಬಿದ್ದ ಹೆಣಕ್ಕೆ ನರಿ, ಹದ್ದು, ಕೆಲವೊಮ್ಮೆ ಚಿರತೆಯೂ ಬರುತ್ತವೆ. ಅವೂ ಚಕ್ರಕ್ಕೆ ಸಿಗುತ್ತವೆ.

ಗಾಯಗೊಂಡು ಹೊಲಕ್ಕೆ ನುಗ್ಗಿದರೆ

ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಡಿಕ್ಕಿಯಾದ ಪ್ರಾಣಿ ಎದ್ದು ಓಡಿತೆಂದರೆ ಚಾಲಕನಿಗೆ ಸಮಾಧಾನವಾಗುತ್ತದೆ. “ಏನೂ ಆಗಿಲ್ಲ, ಓಡಿಹೋಯಿತು” ಎಂದು ಆತ ಹೊರಟುಬಿಡುತ್ತಾನೆ. ನಿಜವಾದ ಅಪಾಯ ಶುರುವಾಗುವುದು ಅಲ್ಲಿಂದಲೇ. ಕಾಲು ಮುರಿದ ಹಂದಿಯಾಗಲಿ ಪಕ್ಕೆಗೆ ಪೆಟ್ಟಾದ ಚಿರತೆಯಾಗಲಿ ಹೆಚ್ಚು ದೂರ ಹೋಗಲಾರದು. ಹತ್ತಿರದಲ್ಲಿ ದಟ್ಟವಾಗಿರುವ ಕಬ್ಬು, ಮುಸುಕಿನ ಜೋಳ, ಕಾಫಿ ತೋಟ, ಲಂಟಾನ ಪೊದೆ, ಕಾಲುವೆಯ ಬದು ಇಂಥಲ್ಲಿ ಸೇರಿ ಮಲಗುತ್ತದೆ. ಮರುದಿನ ಬೆಳಿಗ್ಗೆ ಆ ಗದ್ದೆಗೆ ಇಳಿಯುವವರು ಯಾರು? ಕಬ್ಬು ಕಡಿಯುವ ಆಳುಗಳು, ಕಳೆ ಕೀಳುವ ಹೆಂಗಸರು, ಹುಲ್ಲು ಕೊಯ್ಯಲು ಹೋದ ಮುದುಕರು. ಅವರಿಗೆ ರಾತ್ರಿಯ ಸಂಗತಿಯೇ ಗೊತ್ತಿರುವುದಿಲ್ಲ. ಗಾಯಗೊಂಡ ಪ್ರಾಣಿ ಓಡಲಾರದಾದಾಗ ಮೇಲೆ ಬೀಳುವುದೊಂದೇ ಅದಕ್ಕೆ ಉಳಿದ ದಾರಿ.

ಆದ್ದರಿಂದ ಪ್ರಾಣಿ ಯಾವ ಕಡೆ ಹೋಯಿತು, ಯಾವ ಕಾಲು ಎಳೆಯುತ್ತಿತ್ತು, ರಕ್ತದ ಗುರುತು ಎಲ್ಲಿಯವರೆಗೆ ಇದೆ ಎಂಬುದನ್ನು ರಸ್ತೆಯಿಂದಲೇ ನೋಡಿಟ್ಟುಕೊಳ್ಳಿ. ಟಾರ್ಚು ಹಿಡಿದು ಹಿಂಬಾಲಿಸಬೇಡಿ, ನಾಯಿಗಳನ್ನು ಬಿಡಬೇಡಿ. ಹತ್ತಿರದ ಮೈಲಿಗಲ್ಲು, ಸೇತುವೆ, ವಿದ್ಯುತ್ ಕಂಬದ ಸಂಖ್ಯೆ ಯಾವುದಾದರೊಂದು ಗುರುತು ಇಟ್ಟುಕೊಂಡು ಅರಣ್ಯ ಇಲಾಖೆಗೆ ತಿಳಿಸಿ, ಜಮೀನಿನವರಿಗೂ ಅಕ್ಕಪಕ್ಕದವರಿಗೂ ಅದೇ ರಾತ್ರಿ ಸುದ್ದಿ ಮುಟ್ಟಿಸಿ. ಇಲಾಖೆಯವರು ಬಂದು ನೋಡಿ ಹೇಳುವವರೆಗೆ ಆ ಹೊಲದಲ್ಲಿ ಕಟಾವು, ನೀರು ಹಾಯಿಸುವುದು, ದನ ಮೇಯಿಸುವುದು ಎಲ್ಲ ನಿಲ್ಲಬೇಕು. ಒಂದು ದಿನದ ಕೂಲಿ ತಪ್ಪಿದರೆ ಇನ್ನೊಂದು ದಿನ ದುಡಿಯಬಹುದು.

ಮಾಂಸದ ಆಸೆ, ಕೊಂಬಿನ ಆಸೆ

“ಅಣ್ಣಾ, ಹೇಗೂ ಸತ್ತಿದೆ, ನಾವೇನು ಬೇಟೆಯಾಡಿದ್ದೇವಾ? ಟ್ರಾಲಿಗೆ ಹಾಕು, ಊರಿಗೆಲ್ಲಾ ಪಾಲಾಗುತ್ತೆ” ಎನ್ನುವ ಹುಡುಗನೊಬ್ಬ ಎಲ್ಲ ಟ್ರ್ಯಾಕ್ಟರುಗಳ ಮೇಲೂ ಇರುತ್ತಾನೆ. ಬೆಳೆ ತಿಂದ ಹಂದಿಯ ಮೇಲೆ ರೈತನಿಗೆ ಸಿಟ್ಟಿರುವುದು ಸಹಜವೇ. ಆದರೂ ಈ ಮಾತಿಗೆ ಕಿವಿಗೊಡಬೇಡಿ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 39ನೇ ಕಲಮಿನ ಪ್ರಕಾರ ಸತ್ತು ಸಿಕ್ಕಿದ ಅಥವಾ ತಪ್ಪಿನಿಂದ ಕೊಲ್ಲಲ್ಪಟ್ಟ ಕಾಡುಪ್ರಾಣಿ ಸರ್ಕಾರದ ಸ್ವತ್ತು. ಗುದ್ದಿದವನದೂ ಅಲ್ಲ, ಜಮೀನಿನವನದೂ ಅಲ್ಲ. ಅಂಥ ಸ್ವತ್ತು ಯಾವುದೇ ರೀತಿಯಲ್ಲಿ ಕೈಗೆ ಬಂದರೆ 48 ಗಂಟೆಗಳೊಳಗೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅಧಿಕಾರಿಗೆ ವರದಿ ಮಾಡಬೇಕು. ಈ 48 ಗಂಟೆ ಕೊನೆಯ ಗಡುವು. ಸ್ಥಳದಿಂದಲೇ ತಿಳಿಸುವುದು ಎಲ್ಲ ದೃಷ್ಟಿಯಿಂದಲೂ ಒಳ್ಳೆಯದು. ಇನ್ನು ಕಾಯಿದೆಯಲ್ಲಿ ‘ಬೇಟೆ’ ಎಂಬ ಪದಕ್ಕೆ ಕೊಟ್ಟಿರುವ ಅರ್ಥ ನಾವು ತಿಳಿದುದಕ್ಕಿಂತ ಬಹಳ ಅಗಲ. ಪ್ರಾಣಿಯ ದೇಹದ ಯಾವುದೇ ಭಾಗವನ್ನು ತೆಗೆದುಕೊಳ್ಳುವುದೂ ಅದರಲ್ಲಿ ಸೇರಿದೆ. ಕೊಂಬು, ಉಗುರು, ಹಲ್ಲು, ಮುಳ್ಳು, ನವಿಲಿನ ಮಾಂಸ ಯಾವುದನ್ನೇ ಮುಟ್ಟಿದರೂ, ಅಲ್ಲಿಯವರೆಗೆ ಅಪಘಾತವಾಗಿದ್ದದ್ದು ಆ ಕ್ಷಣದಿಂದ ಅಪರಾಧವಾಗುತ್ತದೆ. 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕಾಯಿದೆಯ ಪ್ರಕಾರ ಇಂಥ ಅಪರಾಧಕ್ಕೆ ಸಾಮಾನ್ಯವಾಗಿ ಮೂರು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡೂ ಇವೆ. ಮೊದಲನೆಯ ಅನುಸೂಚಿಯ ಪ್ರಾಣಿಯಾದರೆ ಮೂರರಿಂದ ಏಳು ವರ್ಷ ಸೆರೆವಾಸ ಮತ್ತು ಇಪ್ಪತ್ತೈದು ಸಾವಿರಕ್ಕೆ ಕಡಿಮೆಯಿಲ್ಲದ ದಂಡ. ಆನೆ, ಹುಲಿ, ಚಿರತೆ, ಕಾಟಿ, ಕರಡಿ, ಕೃಷ್ಣಮೃಗ, ನವಿಲು ಇವೆಲ್ಲ ಆ ಅನುಸೂಚಿಯಲ್ಲಿವೆ. ಮಾಂಸ ಸಾಗಿಸಿದ ವಾಹನವನ್ನೂ ಜಪ್ತಿ ಮಾಡಬಹುದು. ಸಾಲ ಮಾಡಿ ಕೊಂಡ ಟ್ರ್ಯಾಕ್ಟರು ಉಳುಮೆಯ ಕಾಲದಲ್ಲಿ ಇಲಾಖೆಯ ಆವರಣದಲ್ಲಿ ನಿಂತರೆ ಆಗುವ ನಷ್ಟ ಎಷ್ಟೆಂದು ನೀವೇ ಲೆಕ್ಕ ಹಾಕಿ.

ರೋಗದ ಭಯವೂ ಇದೆ. ಹಾಡುಹಗಲಲ್ಲಿ, ವಾಹನದ ಸದ್ದಿಗೂ ಹೆದರದೆ, ತೂರಾಡುತ್ತಾ ರಸ್ತೆಗೆ ಬಂದ ನರಿ ಅಥವಾ ಮುಂಗುಸಿಗೆ ಹುಚ್ಚು ಹಿಡಿದಿರುವ ಸಂಭವವಿದೆ. ಅದು ಕಚ್ಚಿದರೆ, ಪರಚಿದರೆ ಅಥವಾ ಅದರ ಜೊಲ್ಲು ನಿಮ್ಮ ಗಾಯಕ್ಕೆ ತಗುಲಿದರೆ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು. ಸುಣ್ಣ, ಅರಿಶಿನ, ಮೆಣಸಿನಪುಡಿ ಹಚ್ಚಬಾರದು. ಅದೇ ದಿನ ಆಸ್ಪತ್ರೆಗೆ ಹೋಗಿ ವೈದ್ಯರು ಹೇಳಿದ ಎಲ್ಲ ದಿನಗಳ ಚುಚ್ಚುಮದ್ದನ್ನೂ ತಪ್ಪದೆ ಹಾಕಿಸಿಕೊಳ್ಳಿ. ಈ ರೋಗ ಒಮ್ಮೆ ತಲೆಯೆತ್ತಿದರೆ ಬದುಕುವುದು ಇಲ್ಲವೆಂದೇ ಹೇಳಬೇಕು.

ಮಲೆನಾಡಿನವರು ರಸ್ತೆಯ ಮೇಲೆ ಸತ್ತ ಮಂಗ ಅಥವಾ ಮುಸಿಯ ಕಂಡರೆ ಅದು ವಾಹನಕ್ಕೇ ಸಿಕ್ಕಿ ಸತ್ತಿದೆಯೆಂದು ನಂಬಬೇಡಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಗೂ ಮಂಗಗಳು ಹೀಗೆಯೇ ಸಾಯುತ್ತವೆ. ಸತ್ತ ಮಂಗನ ಮೈಯಿಂದ ಉಣುಗುಗಳು ಇಳಿದು ಸುತ್ತಲಿನ ತರಗೆಲೆ ಹುಲ್ಲಿನಲ್ಲಿ ಸೇರಿ ಅಲ್ಲಿ ಓಡಾಡುವವರಿಗೆ ಕಚ್ಚುತ್ತವೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಇದರ ಹಾವಳಿ ಹೆಚ್ಚು. ಅಂಥ ಹೆಣವನ್ನು ಕೋಲಿನಿಂದಲೂ ಎಳೆಯದೆ, ಜನ ದನ ಅತ್ತ ಸುಳಿಯದಂತೆ ನೋಡಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಅರಣ್ಯ ಇಲಾಖೆಗೂ ತಿಳಿಸಿ. ಅಲ್ಲಿ ಓಡಾಡಿದವರಿಗೆ ಒಂದು ವಾರದೊಳಗೆ ಜೋರು ಜ್ವರ, ತಲೆನೋವು, ಮೈಕೈನೋವು ಬಂದರೆ ವೈದ್ಯರಿಗೆ ಮಂಗ ಸತ್ತಿದ್ದ ವಿಷಯ ಹೇಳಲು ಮರೆಯಬಾರದು.

ಯಾರಿಗೆ, ಹೇಗೆ ತಿಳಿಸುವುದು?

ಅರಣ್ಯ ಇಲಾಖೆಯ ಸಹಾಯವಾಣಿ 1926. ಪೊಲೀಸ್ ಸೇರಿದಂತೆ ಎಲ್ಲ ತುರ್ತಿಗೂ 112. ಕಾಡಿನ ರಸ್ತೆಯಲ್ಲಿ ಸಿಗ್ನಲ್ ಸಿಗದಿದ್ದರೆ ಮುಂದಿನ ಚೆಕ್‌ಪೋಸ್ಟಿನಲ್ಲಿ ತಿಳಿಸಬೇಕು. ನಿಮ್ಮ ವಲಯ ಅರಣ್ಯಾಧಿಕಾರಿಯ ಕಚೇರಿಯ ದೂರವಾಣಿ ಸಂಖ್ಯೆಯನ್ನು ಈಗಲೇ ಕೇಳಿ ಪಡೆದು ವಾಹನದ ಕಾಗದಪತ್ರಗಳ ಜೊತೆ ಬರೆದಿಟ್ಟುಕೊಂಡರೆ ಉತ್ತಮ. ಸ್ಥಳ, ಹೊತ್ತು, ಯಾವ ಪ್ರಾಣಿ, ಬದುಕಿದೆಯೇ, ಜನ ಸೇರಿದ್ದಾರೆಯೇ ಇಷ್ಟು ಹೇಳಿದರೆ ಸಾಕು. ದೂರದಿಂದಲೇ ಪ್ರಾಣಿಯದೂ ವಾಹನದ್ದೂ ರಸ್ತೆಯದೂ ಚಿತ್ರ ತೆಗೆದಿಟ್ಟುಕೊಳ್ಳಿ.

ಇಲಾಖೆಯವರು ಬಂದು ಮಹಜರು ಮಾಡುತ್ತಾರೆ, ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸುತ್ತಾರೆ, ಹೇಳಿಕೆ ಬರೆದುಕೊಳ್ಳುತ್ತಾರೆ. ಕೇಸು ದಾಖಲಾಗುವುದೂ ಉಂಟು, ಅತಿವೇಗ ಅಥವಾ ಅಜಾಗರೂಕತೆ ಕಂಡರೆ ಅದು ಬೆಳೆಯುವುದೂ ಉಂಟು. ಆದರೆ ಕೇಸು ದಾಖಲಾದ ಮಾತ್ರಕ್ಕೆ ಶಿಕ್ಷೆಯಾಯಿತೆಂದಲ್ಲ. ತಾನಾಗಿ ನಿಂತು ತಿಳಿಸಿದವನ ಮಾತಿಗೂ, ಓಡಿಹೋಗಿ ಬಂಪರಿನಲ್ಲಿ ಸಿಕ್ಕಿದ ಕೂದಲಿನಿಂದ ಹಿಡಿಯಲ್ಪಟ್ಟವನ ಮಾತಿಗೂ ಬೆಲೆ ಒಂದೇ ಆಗಿರುವುದಿಲ್ಲ. ನಡೆದದ್ದನ್ನು ನಡೆದಂತೆ ಹೇಳಿ. ಬರೆದ ಹೇಳಿಕೆಯನ್ನು ಪೂರ್ತಿ ಓದಿಯೇ ರುಜು ಮಾಡಿ. ವಾಹನ ವಶಕ್ಕೆ ತೆಗೆದುಕೊಂಡರೆ ಅದಕ್ಕೆ ಲಿಖಿತ ರಸೀದಿ ಕೇಳಿ.

ವೇಗದ ಲೆಕ್ಕ

ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರು ಸಾಗುತ್ತದೆ. ಪ್ರಾಣಿ ಕಂಡು ಕಾಲು ಬ್ರೇಕಿಗೆ ಹೋಗುವುದಕ್ಕೇ ಆ ಒಂದು ಸೆಕೆಂಡು ಬೇಕು. ಆಮೇಲೆ ಒಣ ಡಾಂಬರಿನ ಮೇಲೆ ನಿಲ್ಲಲು ಇನ್ನೂ 20 ಮೀಟರು, ಲೋಡು ಇದ್ದರೆ ಅಥವಾ ಮಳೆಯಾಗಿದ್ದರೆ ಅದಕ್ಕಿಂತ ಹೆಚ್ಚು. 40 ಕಿ.ಮೀ. ವೇಗದಲ್ಲಿ ಒಟ್ಟು 20 ಮೀಟರಿಗೇ ನಿಲ್ಲುತ್ತದೆ. ಡಿಮ್ ಬೆಳಕು ಎಷ್ಟು ದೂರ ಬೀಳುತ್ತದೆಂದು ನಿಮ್ಮ ವಾಹನದಲ್ಲೇ ಒಮ್ಮೆ ಅಳೆದು ನೋಡಿದರೆ ಯಾವ ವೇಗ ಸರಿಯೆಂಬುದು ತಿಳಿಯುತ್ತದೆ. ಬಂಡೀಪುರದ ಮೂಲಕ ಕೇರಳಕ್ಕೂ ಊಟಿಗೂ ಹೋಗುವ ರಸ್ತೆಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧವಿದೆ. ಗೇಟು ಮುಚ್ಚುವ ಮೊದಲು ದಾಟಬೇಕೆಂದು ತರಕಾರಿ ಲೋಡಿನವರು ಮುಸ್ಸಂಜೆಯಲ್ಲಿ ಅವಸರಪಡುವುದು ಸರಿಯಲ್ಲ. ಅದೇ ಅತಿ ಕೆಟ್ಟ ಹೊತ್ತು. ಗುಂಡ್ಲುಪೇಟೆಯಲ್ಲೇ ಇಳಿದು ನಸುಕಿಗೆ ಹೊರಡುವುದಾದರೂ ಗೇಟು ತೆಗೆದ ಮೇಲಿನ ಮೊದಲ ಅರ್ಧ ಗಂಟೆ ನಿಧಾನವೇ ಇರಲಿ.

ವಾಹನ ಮತ್ತು ವಿಮೆ

ಮತ್ತೆ ಹೊರಡುವ ಮುನ್ನ ವಾಹನದ ಕೆಳಗೆ ನೋಡಿ. ರೇಡಿಯೇಟರು ಒಡೆದು ನೀರು ಸೋರುತ್ತಿದ್ದರೆ ಎಂಜಿನ್ ಚಾಲೂ ಮಾಡಬೇಡಿ. ಬಿಸಿಯಾಗಿರುವಾಗ ಅದರ ಮುಚ್ಚಳ ತೆಗೆಯಲೂಬಾರದು. ಹಾಗೆಯೇ ಓಡಿಸಿ ಎಂಜಿನ್ ಸೀಜ್ ಆದರೆ ಆ ನಷ್ಟವನ್ನು ವಿಮೆಯವರು ಸಾಮಾನ್ಯವಾಗಿ ಕೊಡುವುದಿಲ್ಲ. ಹೆಡ್‌ಲೈಟು, ಸ್ಟಿಯರಿಂಗ್, ಮುಂಚಕ್ರಕ್ಕೆ ಮಡ್‌ಗಾರ್ಡ್ ತಾಗುತ್ತಿದೆಯೇ, ಟ್ರಾಲಿಯ ಕೊಂಡಿ ಬಾಗಿದೆಯೇ ಎಂಬುದನ್ನೂ ನೋಡಬೇಕು.

ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ ನಿಮ್ಮ ವಾಹನದ ರಿಪೇರಿಗೆ ಏನೂ ಸಿಗದು. ಸಮಗ್ರ ವಿಮೆ ಇದ್ದರೆ ಪ್ರಾಣಿಗೆ ಡಿಕ್ಕಿಯಾದದ್ದೂ ಅಪಘಾತವೆಂದೇ ಪರಿಗಣಿತವಾಗುತ್ತದೆ. ವಿಮಾ ಕಂಪನಿಗೆ ಕೂಡಲೇ ಫೋನು ಮಾಡಿ ದೂರಿನ ಸಂಖ್ಯೆ ಬರೆದುಕೊಳ್ಳಿ, ಅವರ ಸರ್ವೇಯರು ನೋಡುವವರೆಗೆ ರಿಪೇರಿಗೆ ಕೈಹಾಕಬೇಡಿ. ನೀವು ತೆಗೆದ ಚಿತ್ರಗಳು, ಅರಣ್ಯ ಇಲಾಖೆ ಅಥವಾ ಪೊಲೀಸರು ಕೊಟ್ಟ ಕಾಗದ, ಚಾಲನಾ ಪರವಾನಗಿ, ಆರ್.ಸಿ. ಇವು ಆಗ ಬೇಕಾಗುತ್ತವೆ. ಟ್ರ್ಯಾಕ್ಟರಿನವರು ಪಾಲಿಸಿಯಲ್ಲಿ ಟ್ರಾಲಿಯ ಹೆಸರು ಸೇರಿದೆಯೇ ಎಂದು ಒಮ್ಮೆ ತೆಗೆದು ನೋಡಲಿ, ಅನೇಕರದು ಸೇರಿರುವುದಿಲ್ಲ. ಟ್ರಾಲಿಯ ಮೇಲೆ ಜನರನ್ನು ಕೂರಿಸಿಕೊಂಡು ಹೋಗುತ್ತಿದ್ದಾಗ ಅಪಘಾತವಾದರೆ ಅವರ ಗಾಯಕ್ಕೆ ವಿಮೆಯವರು ಹೊಣೆ ಒಪ್ಪುವುದು ಕಷ್ಟ. ಮದುವೆಗೆ, ಜಾತ್ರೆಗೆ ರಾತ್ರಿಯಲ್ಲಿ ಟ್ರಾಲಿ ತುಂಬಾ ಜನರನ್ನು ಕರೆದೊಯ್ಯುವ ಮಾಲೀಕರು ಇದನ್ನು ಹೊರಡುವ ಮೊದಲೇ ತಿಳಿದಿರಬೇಕು.